ಹಾಡಿನ ನಕಲು, ಹಾಡಿನವರ ಪಾಲು



ಬೆಳಗಿನ ಹೊತ್ತು ಮೈಸೂರಿನ ಶ್ರೀರಾಂಪುರದಿಂದ ನಗರ ಬಸ್ ನಿಲ್ದಾಣಕ್ಕೆ ಹೋಗುವ ಬಸ್ಸು ಹತ್ತಿದರೆ, ಕಾಲೇಜಿಗೆ ಹೊರಟವರಲ್ಲಿ ಹಲವರ ಕಿವಿಯಲ್ಲಿ ಹಾಡು ಇರುತ್ತದೆ. ನೀವೂ ಅವರಲ್ಲಿ ಒಬ್ಬರಿರಬಹುದು. ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತೇನೆ. ಈಗ ನೀವು ಕೇಳುತ್ತಿರುವ ಹಾಡಿಗೆ ಎಷ್ಟು ಹಣ ಕೊಟ್ಟಿರಿ? ಆ ಹಣ ಯಾರಿಗೆ ತಲುಪಿತು?

ಮೊದಲ ಪ್ರಶ್ನೆಗೆ ಉತ್ತರ ಹೇಳಬಲ್ಲಿರಿ. ಕೆಲವರು ತಿಂಗಳ ಚಂದಾ ಕಟ್ಟಿರುತ್ತೀರಿ, ಹಲವರು ನಡುನಡುವೆ ಬರುವ ಜಾಹೀರಾತನ್ನು ಸಹಿಸಿಕೊಂಡಿರುತ್ತೀರಿ. ಎರಡನೆಯ ಪ್ರಶ್ನೆ ಅಷ್ಟು ಸುಲಭವಲ್ಲ. ಹದಿನೈದು ವರ್ಷಗಳ ಹಿಂದೆ ಇದೇ ಬಸ್ಸಿನಲ್ಲಿ ಇದೇ ವಯಸ್ಸಿನವರು ಕೇಳುತ್ತಿದ್ದ ಹಾಡುಗಳಲ್ಲಿ ಹೆಚ್ಚಿನವು ಯಾರಿಗೂ ಏನೂ ಕೊಡದೆ ನಕಲು ಮಾಡಿಕೊಂಡವು. ಆ ಕಾಲದಿಂದ ಈ ಕಾಲಕ್ಕೆ ನಾವು ಬಂದುದು ಹೇಗೆ? ಪೊಲೀಸರ ಭಯದಿಂದಲೋ, ನ್ಯಾಯಾಲಯದ ಆಜ್ಞೆಯಿಂದಲೋ, ಅಥವಾ ನಾವೆಲ್ಲರೂ ಇದ್ದಕ್ಕಿದ್ದಂತೆ ಪ್ರಾಮಾಣಿಕರಾದುದರಿಂದಲೋ? ಇದನ್ನು ತಿಳಿಯಲು ಹಾಡಿನ ನಕಲಿನ ಚರಿತ್ರೆಯನ್ನು ಸ್ವಲ್ಪ ಹಿಂದಿನಿಂದ ನೋಡಬೇಕು. ಆ ಚರಿತ್ರೆಯ ಮೊದಲ ಎಳೆಯೊಂದು ಮೈಸೂರಿಗೇ ಬಂದು ಸೇರುತ್ತದೆ.

ತಟ್ಟೆಯ ಕೊನೆಯಲ್ಲಿ ಒಂದು ಹೆಸರು

1902ರ ನವೆಂಬರಿನಲ್ಲಿ ಇಂಗ್ಲೆಂಡಿನ ಗ್ರಾಮಫೋನ್ ಕಂಪನಿಯ ತಂತ್ರಜ್ಞ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಭಾರತೀಯ ಕಲಾವಿದರ ಹಾಡುಗಳನ್ನು ಮೇಣದ ತಟ್ಟೆಗಳ ಮೇಲೆ ಮುದ್ರಿಸಿಕೊಂಡರು. ಅವರಲ್ಲಿ ಪ್ರಸಿದ್ಧರಾದವರು ಗೌಹರ್ ಜಾನ್. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ಧ್ವನಿಮುದ್ರಿಕೆಗಳನ್ನು ಕೊಟ್ಟ ಈ ಗಾಯಕಿ ಕೊನೆಗಾಲದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ವಿದುಷಿಯಾಗಿ 1928ರಲ್ಲಿ ಮೈಸೂರಿಗೆ ಬಂದರು. 1930ರ ಜನವರಿ 17ರಂದು ಇಲ್ಲಿಯ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ತೀರಿಕೊಂಡರು.

ಅವರ ತಟ್ಟೆಗಳನ್ನು ಕೇಳಿದವರು ಒಂದು ವಿಶೇಷವನ್ನು ಗಮನಿಸಿರುತ್ತಾರೆ. ಮೂರು ನಿಮಿಷದ ಹಾಡು ಮುಗಿಯುತ್ತಲೇ ಗಾಯಕಿ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುತ್ತಾರೆ. ಇದು ಬರಿಯ ಹೆಮ್ಮೆಯ ಮಾತಲ್ಲ, ಕೆಲಸದ ಅಗತ್ಯ. ಮೇಣದ ತಟ್ಟೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್ ನಗರಕ್ಕೆ ಹೋಗಬೇಕು. ಅಲ್ಲಿಯ ಕಾರ್ಖಾನೆಯವರಿಗೆ ನಮ್ಮ ಭಾಷೆ ತಿಳಿಯದು. ಯಾವ ತಟ್ಟೆ ಯಾರದು ಎಂದು ಗುರುತಿಸಿ ಲೇಬಲ್ ಅಂಟಿಸಲು ಧ್ವನಿಯಲ್ಲೇ ಹೆಸರು ಇರಬೇಕಿತ್ತು.

ಈ ಸಣ್ಣ ಸಂಗತಿಯನ್ನು ನೆನಪಿನಲ್ಲಿಡಿ. ಹಾಡು ತನ್ನ ಊರನ್ನು ಬಿಟ್ಟು ದೂರ ಹೋಗುವಾಗ ಅದರ ಜೊತೆ ಹೆಸರೂ ಹೋಗಬೇಕು. ಹೆಸರು ಕಳೆದರೆ ಪಾಲೂ ಕಳೆಯುತ್ತದೆ. ನಕಲಿನ ಚರಿತ್ರೆಯುದ್ದಕ್ಕೂ ಈ ಮಾತು ಮತ್ತೆ ಮತ್ತೆ ಎದುರಾಗುತ್ತದೆ.

ತಟ್ಟೆಯ ಕಾಲದಲ್ಲಿ ನಕಲು ಮಾಡುವುದು ಸುಲಭವಾಗಿರಲಿಲ್ಲ. ಅರಗಿನ ತಟ್ಟೆ ಒತ್ತಲು ದೊಡ್ಡ ಯಂತ್ರ ಬೇಕು, ಅಚ್ಚು ಬೇಕು, ಕಾರ್ಖಾನೆ ಬೇಕು. ಆದುದರಿಂದ ಹಾಡಿನ ಕಾವಲಿಗೆ ಕಾನೂನಿಗಿಂತ ಯಂತ್ರದ ಬೆಲೆಯೇ ಹೆಚ್ಚು ಸಹಾಯ ಮಾಡಿತು.

ಕ್ಯಾಸೆಟ್ ಬಂದ ಮೇಲೆ

1963ರಲ್ಲಿ ಹಾಲೆಂಡಿನ ಫಿಲಿಪ್ಸ್ ಕಂಪನಿ ಬರ್ಲಿನ್ನಿನ ಪ್ರದರ್ಶನವೊಂದರಲ್ಲಿ ಅಂಗೈಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ತೋರಿಸಿತು. ಲೂ ಓಟೆನ್ಸ್ ಎಂಬ ಎಂಜಿನಿಯರರ ನೇತೃತ್ವದಲ್ಲಿ ತಯಾರಾದ ಕ್ಯಾಸೆಟ್ ಅದು. ನಾಲ್ಕು ಮಿಲಿಮೀಟರಿಗಿಂತ ಸ್ವಲ್ಪ ಕಿರಿದಾದ ಕಾಂತೀಯ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುತ್ತದೆ. ಧ್ವನಿಯ ಏರಿಳಿತ ಟೇಪಿನ ಮೇಲಿನ ಲೋಹದ ಪುಡಿಯಲ್ಲಿ ಕಾಂತತ್ವದ ಏರಿಳಿತವಾಗಿ ಉಳಿಯುತ್ತದೆ. ಕೇಳುವ ಯಂತ್ರವೇ ಮುದ್ರಿಸುವ ಯಂತ್ರವೂ ಆದುದು ಇದರ ಹೊಸತನ. ಯಾರು ಬೇಕಾದರೂ ಮನೆಯಲ್ಲೇ ನಕಲು ಮಾಡಬಹುದಾಯಿತು.

ಕನ್ನಡಕ್ಕೆ ಕ್ಯಾಸೆಟ್ ದೊಡ್ಡ ಉಪಕಾರ ಮಾಡಿದೆ ಎಂಬುದನ್ನು ಮರೆಯಬಾರದು. ಗ್ರಾಮಫೋನ್ ತಟ್ಟೆಯ ದುಬಾರಿ ಲೋಕದಲ್ಲಿ ಚಿತ್ರಗೀತೆಯ ಹೊರಗಿನ ಕನ್ನಡ ಹಾಡಿಗೆ ಜಾಗ ಕಡಿಮೆಯಿತ್ತು. 1978ರಲ್ಲಿ ಕೆ. ಎಸ್. ನಿಸಾರ್ ಅಹಮದ್ ಅವರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಬಂತು. ಇದನ್ನು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಗುರುತಿಸುತ್ತಾರೆ. ಆಮೇಲೆ ಸಿ. ಅಶ್ವತ್ಥ್ ಅವರ ಸಂಗೀತದಲ್ಲಿ ಶಿಶುನಾಳ ಷರೀಫರ ತತ್ವಪದಗಳೂ ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಯ ಗೀತೆಗಳೂ ಮನೆಮನೆ ಸೇರಿದವು. ಪುಸ್ತಕ ಕೊಳ್ಳದವರ ಮನೆಗೂ ಕವಿತೆ ಹೋಯಿತು. 1987ರಲ್ಲಿ ಬೆಂಗಳೂರಿನ ಲಹರಿ ಸಂಸ್ಥೆ ತಂದ ‘ಪ್ರೇಮಲೋಕ’ ಚಿತ್ರದ ಹಾಡುಗಳು ಕನ್ನಡ ಕ್ಯಾಸೆಟ್ಟಿಗೂ ದೊಡ್ಡ ಮಾರುಕಟ್ಟೆಯಿದೆ ಎಂದು ತೋರಿಸಿಕೊಟ್ಟವು.

ಆದರೆ ಅದೇ ಕ್ಯಾಸೆಟ್ ಕಳ್ಳನಕಲಿಗೂ ದಾರಿ ಮಾಡಿತು. ಊರೂರಲ್ಲಿ ರೆಕಾರ್ಡಿಂಗ್ ಅಂಗಡಿಗಳು ಹುಟ್ಟಿದವು. ಬೇಕಾದ ಹಾಡುಗಳ ಪಟ್ಟಿಯನ್ನೂ ಖಾಲಿ ಕ್ಯಾಸೆಟ್ಟನ್ನೂ ಕೊಟ್ಟು ಹೋದರೆ ಎರಡು ದಿನದಲ್ಲಿ ತುಂಬಿಸಿ ಕೊಡುತ್ತಿದ್ದರು. ಇದಕ್ಕಿಂತ ದೊಡ್ಡ ಪ್ರಮಾಣದಲ್ಲಿ, ಅಸಲಿಯಂತೆಯೇ ಮುಖಚಿತ್ರ ಅಚ್ಚು ಹಾಕಿಸಿ ಸಾವಿರಗಟ್ಟಲೆ ಕ್ಯಾಸೆಟ್ ಮಾರುವ ಜಾಲಗಳಿದ್ದವು. ಇದು ನಮ್ಮ ದೇಶದ ರೋಗ ಮಾತ್ರವಲ್ಲ. ಬ್ರಿಟನ್ನಿನ ಧ್ವನಿಮುದ್ರಣ ಉದ್ಯಮ 1981ರಲ್ಲಿಯೇ, ಮನೆಯಲ್ಲಿ ಟೇಪು ಮಾಡುವುದು ಸಂಗೀತವನ್ನು ಕೊಲ್ಲುತ್ತಿದೆ ಎಂದು ಪ್ರಚಾರ ಮಾಡಿತು. ಕ್ಯಾಸೆಟ್ಟಿನ ಆಕಾರದ ತಲೆಬುರುಡೆ ಅದರ ಚಿಹ್ನೆಯಾಗಿತ್ತು.

ಭಾರತ ಸರ್ಕಾರ 1984ರಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆಯನ್ನು ತಿದ್ದಿತು. ಶಿಕ್ಷೆ ಬಿಗಿಯಾಯಿತು: 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ. ಜೊತೆಗೆ, ಪ್ರತಿಯೊಂದು ಧ್ವನಿಮುದ್ರಿಕೆಯ ಮೇಲೆ ತಯಾರಿಸಿದವರ ಹೆಸರು ವಿಳಾಸ, ಕೃತಿಸ್ವಾಮ್ಯ ಹೊಂದಿದವರ ಹೆಸರು ವಿಳಾಸ, ಮೊದಲು ಪ್ರಕಟವಾದ ವರ್ಷ ಇವನ್ನು ಅಚ್ಚು ಹಾಕಲೇಬೇಕೆಂಬ ನಿಯಮ ಬಂತು. ನಕಲಿಯನ್ನು ಗುರುತಿಸಲು ಇದು ಒಳ್ಳೆಯ ಉಪಾಯ. ಆದರೆ ಪಟ್ಟಿಯನ್ನು ಇನ್ನೊಮ್ಮೆ ಓದಿ. ಕಂಪನಿಯ ಹೆಸರು ಕಡ್ಡಾಯವಾಯಿತು. ಹಾಡು ಬರೆದವರ, ರಾಗ ಹಾಕಿದವರ, ಹಾಡಿದವರ ಹೆಸರನ್ನು ಆ ನಿಯಮ ಕೇಳಲಿಲ್ಲ.

ಕ್ಯಾಸೆಟ್ಟಿನ ಕಳ್ಳನಕಲನ್ನು ಹಿಮ್ಮೆಟ್ಟಿಸಿದ್ದು ಕಾನೂನಿಗಿಂತ ಹೆಚ್ಚಾಗಿ ಬೆಲೆ. ದೆಹಲಿಯ ಗುಲ್ಶನ್ ಕುಮಾರ್ ಕಟ್ಟಿದ ಟಿ-ಸೀರೀಸ್ ಸಂಸ್ಥೆ ಅಸಲಿ ಕ್ಯಾಸೆಟ್ಟಿನ ಬೆಲೆಯನ್ನು ನಕಲಿಯ ಹತ್ತಿರಕ್ಕೆ ಇಳಿಸಿತು. ಹಳೆಯ ಚಿತ್ರಗೀತೆಗಳನ್ನು, ಅಂದಿನ ಕಾಯ್ದೆಯಲ್ಲಿದ್ದ ಒಂದು ಅವಕಾಶವನ್ನು ಬಳಸಿ, ಹೊಸ ಗಾಯಕರಿಂದ ಮತ್ತೆ ಹಾಡಿಸಿ ಮಾರಿತು. ಸಂಗೀತದ ಅಂಗಡಿಗೇ ಕಾಯದೆ ಬೀಡಾ ಅಂಗಡಿ, ದಿನಸಿ ಅಂಗಡಿಗಳಲ್ಲೂ ಕ್ಯಾಸೆಟ್ ಇಟ್ಟಿತು. ಕೈಗೆಟುಕುವ ಬೆಲೆಗೆ, ಕೈಗೆಟುಕುವ ಕಡೆಯಲ್ಲಿ ಅಸಲಿ ಸಿಕ್ಕರೆ ನಕಲಿಯನ್ನು ಯಾರು ಕೊಳ್ಳುತ್ತಾರೆ? ಈ ಪಾಠ ನಮ್ಮ ದೇಶದಲ್ಲಿ 1980ರ ದಶಕದಲ್ಲಿಯೇ ಸಿಕ್ಕಿತ್ತು. ಮುಂದಿನ ಸುತ್ತು ಬಂದಾಗ ಉದ್ಯಮ ಅದನ್ನು ಮರೆತಿತ್ತು.

ಹಾಡು ಅಂಕಿಯಾದಾಗ

ಮುಂದಿನ ಸುತ್ತನ್ನು ಅರ್ಥ ಮಾಡಿಕೊಳ್ಳಲು ಸ್ವಲ್ಪ ವಿಜ್ಞಾನ ಬೇಕು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲು ಮಾಡಿದಾಗ ಪ್ರತಿ ಸಲವೂ ‘ಹಿಸ್’ ಎನ್ನುವ ಗದ್ದಲ ಸೇರುತ್ತದೆ. ನಕಲಿನ ನಕಲು, ಅದರ ನಕಲು ಎಂದು ಐದಾರು ಕೈ ದಾಟುವ ಹೊತ್ತಿಗೆ ಹಾಡು ಮಸುಕಾಗುತ್ತದೆ. ನಕಲಿಗೆ ಪ್ರಕೃತಿಯೇ ಹಾಕಿದ ಕಡಿವಾಣ ಇದು.

ಕಾಂಪ್ಯಾಕ್ಟ್ ಡಿಸ್ಕ್ ಈ ಕಡಿವಾಣವನ್ನು ತೆಗೆದುಹಾಕಿತು. ಅದರಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಪ್ರತಿ ಅಳತೆಯನ್ನೂ 16 ಬಿಟ್‌ಗಳ ಅಂಕಿಯಾಗಿ ಬರೆದಿರುತ್ತಾರೆ, ಎಡ ಬಲ ಎರಡು ಕಿವಿಗಳಿಗೂ ಬೇರೆ ಬೇರೆಯಾಗಿ. ಅಂಕಿಯನ್ನು ನಕಲು ಮಾಡಿದರೆ ಅದೇ ಅಂಕಿ ಬರುತ್ತದೆ. ನೂರನೆಯ ನಕಲು ಅಸಲಿಗೆ ಸಮ. ಆದರೆ ಇನ್ನೊಂದು ತಡೆ ಉಳಿದಿತ್ತು: ಗಾತ್ರ. ನೀವೇ ಗುಣಿಸಿ ನೋಡಿ. 44,100ನ್ನು 16ರಿಂದ, ಅದನ್ನು 2ರಿಂದ, ಅದನ್ನು ಐದು ನಿಮಿಷದ 300 ಸೆಕೆಂಡುಗಳಿಂದ ಗುಣಿಸಿ, ಬೈಟ್‌ಗಳಿಗಾಗಿ 8ರಿಂದ ಭಾಗಿಸಿದರೆ ಸುಮಾರು 53 ಮೆಗಾಬೈಟ್. 1990ರ ದಶಕದ ಕೊನೆಯ ದೂರವಾಣಿ ಮೋಡೆಮ್ಮಿನಲ್ಲಿ, ಅದರ ಪೂರ್ಣ ವೇಗವಾದ ಸೆಕೆಂಡಿಗೆ 56,000 ಬಿಟ್ ಸಿಕ್ಕರೂ, ಒಂದು ಹಾಡು ಇಳಿಯಲು ಎರಡು ಗಂಟೆ ಬೇಕು.

ಈ ತಡೆಯನ್ನು ಮುರಿದದ್ದು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬರ್ಗ್ ಮತ್ತು ಅವರ ಸಂಗಡಿಗರು ಮುಖ್ಯ ಪಾತ್ರ ವಹಿಸಿದ ಎಂಪಿ3 ವಿಧಾನ. ಮದುವೆಮನೆಯಲ್ಲಿ ಡೋಲು ಬಾರಿಸುವಾಗ ಪಕ್ಕದವರ ಪಿಸುಮಾತು ಕೇಳುವುದಿಲ್ಲ, ಅಲ್ಲವೇ? ಜೋರಾದ ಧ್ವನಿ ಮೆಲುಧ್ವನಿಯನ್ನು ಮುಚ್ಚುತ್ತದೆ. ಹಾಗೆ ಮುಚ್ಚಿಹೋಗಿ ಕಿವಿಗೆ ಹೇಗೂ ಕೇಳಿಸದ ಭಾಗವನ್ನು ಬಿಟ್ಟು, ಉಳಿದುದನ್ನು ಮಾತ್ರ ಬರೆದಿಟ್ಟರೆ ಗಾತ್ರ ಹತ್ತು ಪಾಲಿಗಿಂತ ಕಡಿಮೆಯಾಗುತ್ತದೆ. ಸೆಕೆಂಡಿಗೆ 1,28,000 ಬಿಟ್ ಸಾಕು. 53 ಮೆಗಾಬೈಟಿನ ಹಾಡು 5 ಮೆಗಾಬೈಟಿಗಿಂತ ಚಿಕ್ಕದಾಯಿತು. ಎರಡು ಗಂಟೆಯ ಕೆಲಸ ಹನ್ನೆರಡು ನಿಮಿಷದೊಳಗೆ ಮುಗಿಯಿತು. 1995ರಲ್ಲಿ ಈ ಕಡತಗಳಿಗೆ ಎಂಪಿ3 ಎಂಬ ಹೆಸರು ನಿಂತಿತು.

1999ರ ಜೂನ್‌ನಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಓದುತ್ತಿದ್ದ ಹದಿನೆಂಟು ವರ್ಷದ ಹುಡುಗ ಶಾನ್ ಫ್ಯಾನಿಂಗ್ ಬರೆದ ನ್ಯಾಪ್‌ಸ್ಟರ್ ಎಂಬ ತಂತ್ರಾಂಶ ಹೊರಬಂತು. ಅದರ ಉಪಾಯ ಸರಳ. ಹಾಡುಗಳು ಬಳಕೆದಾರರ ಕಂಪ್ಯೂಟರುಗಳಲ್ಲೇ ಇರುತ್ತವೆ. ಯಾರ ಬಳಿ ಯಾವ ಹಾಡಿದೆ ಎಂಬ ಪಟ್ಟಿ ಮಾತ್ರ ನ್ಯಾಪ್‌ಸ್ಟರಿನ ಬಳಿ. ಹುಡುಕಿದ ಹಾಡು ನೇರವಾಗಿ ಒಬ್ಬರ ಕಂಪ್ಯೂಟರಿನಿಂದ ಇನ್ನೊಬ್ಬರದಕ್ಕೆ ಹೋಗುತ್ತದೆ. ಎರಡು ವರ್ಷ ತುಂಬುವುದರೊಳಗೆ ಬಳಕೆದಾರರ ಸಂಖ್ಯೆ ಕೋಟಿಗಳನ್ನು ಮುಟ್ಟಿತು. ಅಮೆರಿಕದ ಧ್ವನಿಮುದ್ರಣ ಕಂಪನಿಗಳು 1999ರ ಡಿಸೆಂಬರಿನಲ್ಲಿ ದಾವೆ ಹೂಡಿದವು. 2001ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯದ ತೀರ್ಪು ನ್ಯಾಪ್‌ಸ್ಟರಿಗೆ ವಿರುದ್ಧವಾಯಿತು, ಅದೇ ಜುಲೈಯಲ್ಲಿ ಅದರ ಬಾಗಿಲು ಮುಚ್ಚಿತು. ಪಟ್ಟಿ ಒಂದೇ ಕಡೆ ಇದ್ದುದರಿಂದ ಮುಚ್ಚುವುದು ಸಾಧ್ಯವಾಯಿತು. ಆದರೆ ಅದರ ನಂತರ ಬಂದ ತಂತ್ರಾಂಶಗಳು ಪಟ್ಟಿಯನ್ನೂ ಹರಡಿಬಿಟ್ಟವು. ತಲೆಯೇ ಇಲ್ಲದ ಹಾವಿನ ತಲೆಗೆ ಹೊಡೆಯುವುದು ಹೇಗೆ?

ಆಗ ಕಂಪನಿಗಳು ಕೇಳುಗರ ಮೇಲೆಯೇ ತಿರುಗಿಬಿದ್ದವು. 2003ರ ಸೆಪ್ಟೆಂಬರಿನಲ್ಲಿ ಒಂದೇ ದಿನ 261 ಮಂದಿಯ ಮೇಲೆ ಮೊಕದ್ದಮೆ ಹೂಡಿದರು. ಅವರಲ್ಲಿ ಹನ್ನೆರಡು ವರ್ಷದ ಬಾಲಕಿಯೂ ಇದ್ದಳು. ಅವಳ ಮನೆಯವರು 2,000 ಡಾಲರ್ ಕೊಟ್ಟು ರಾಜಿಯಾದರು. 24 ಹಾಡುಗಳನ್ನು ಹಂಚಿಕೊಂಡ ಒಬ್ಬ ಮಹಿಳೆಯ ಮೇಲೆ 2,22,000 ಡಾಲರಿನ ಹೊರೆ ಬಿತ್ತು, ಅಂದರೆ ಹಾಡೊಂದಕ್ಕೆ 9,250 ಡಾಲರ್. 2008ರ ಕೊನೆಯಲ್ಲಿ ಈ ನೀತಿಯನ್ನು ಕೈಬಿಡುವ ಹೊತ್ತಿಗೆ ಸುಮಾರು 35,000 ಮಂದಿ ಇದಕ್ಕೆ ಗುರಿಯಾಗಿದ್ದರು. ಇದರ ನಡುವೆ 2005ರಲ್ಲಿ ಸೋನಿ ಬಿಎಂಜಿ ಕಂಪನಿ ನಕಲು ತಡೆಯಲೆಂದು ತನ್ನ ಕೆಲವು ಡಿಸ್ಕ್‌ಗಳಲ್ಲಿ ಗುಪ್ತ ತಂತ್ರಾಂಶ ಇಟ್ಟು, ಅದು ಗಿರಾಕಿಗಳ ಕಂಪ್ಯೂಟರಿನ ಭದ್ರತೆಗೇ ಕುತ್ತಾಗಿ, ಡಿಸ್ಕ್‌ಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಹಣ ಕೊಟ್ಟು ಕೊಂಡವನಿಗೇ ಶಿಕ್ಷೆ!

ಇಷ್ಟೆಲ್ಲ ಮಾಡಿ ಉದ್ಯಮ ಉಳಿಸಿಕೊಂಡುದೇನು? 1999ರಲ್ಲಿ ಅಮೆರಿಕದ ಧ್ವನಿಮುದ್ರಣ ಉದ್ಯಮದ ವರಮಾನ 1,460 ಕೋಟಿ ಡಾಲರ್ ಇತ್ತು. 2014ರ ವೇಳೆಗೆ ಅದು ಸುಮಾರು 700 ಕೋಟಿಗೆ ಇಳಿದಿತ್ತು.

ನಮ್ಮ ಬೀದಿಯಲ್ಲಿ

ಇನ್ನು ನಮ್ಮ ಕಡೆಗೆ ಬರೋಣ. 2000ದ ಹೊತ್ತಿಗೆ ನಮ್ಮಲ್ಲಿ ಮನೆಗೆ ಅಂತರಜಾಲ ಇದ್ದವರು ಕಡಿಮೆ. ಎಂಪಿ3 ನಮಗೆ ಮೊದಲು ಸಿಕ್ಕಿದ್ದು ರಸ್ತೆ ಬದಿಯ ಡಿಸ್ಕ್ ರೂಪದಲ್ಲಿ. 700 ಮೆಗಾಬೈಟಿನ ಒಂದು ಡಿಸ್ಕಿನಲ್ಲಿ 140ಕ್ಕೂ ಹೆಚ್ಚು ಹಾಡು ತುಂಬಬಹುದು. ಒಂದು ಭಾವಗೀತೆಯ ಕ್ಯಾಸೆಟ್ಟಿನಲ್ಲಿ ಎಂಟು ಹತ್ತು ಹಾಡು ಇರುತ್ತಿದ್ದವು ಎಂಬುದನ್ನು ನೆನೆದರೆ, ಹದಿನಾಲ್ಕು ಕ್ಯಾಸೆಟ್ಟುಗಳ ಸರಕು ಒಂದೇ ಡಿಸ್ಕಿನಲ್ಲಿ.

ಆಮೇಲೆ ಮೊಬೈಲ್ ಬಂತು. 2010ರ ಆಸುಪಾಸಿನಲ್ಲಿ ನಾನು ವಾಸಿಸುವ ಶ್ರೀರಾಂಪುರದಲ್ಲಿಯೂ, ರಾಜ್ಯದ ಎಲ್ಲ ಊರು ಬಡಾವಣೆಗಳಲ್ಲಿ ಇದ್ದಂತೆಯೇ, ಕರೆನ್ಸಿ ಹಾಕುವ ಸಣ್ಣ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸುವ ವ್ಯಾಪಾರ ನಡೆಯುತ್ತಿತ್ತು. ಅಂಗಡಿಯವನ ಕಂಪ್ಯೂಟರಿನಲ್ಲಿ ನಟರ ಹೆಸರಿನ ಕಡತಗಳಿರುತ್ತಿದ್ದವು. ಕೆಲವೇ ರೂಪಾಯಿ ಕೊಟ್ಟರೆ 4 ಗಿಗಾಬೈಟಿನ ಉಗುರಿನಷ್ಟು ಕಾರ್ಡಿಗೆ 800 ಹಾಡು. ಅಂಗಡಿಯವನಿಗೂ ಕೊಳ್ಳುವವನಿಗೂ ಇದು ಕಳ್ಳತನ ಅನಿಸುತ್ತಿರಲಿಲ್ಲ. ಯಾರ ಮನೆಯಿಂದಲೂ ಏನೂ ಕಾಣೆಯಾಗಿರಲಿಲ್ಲವಲ್ಲ! ಭಾರತೀಯ ಸಂಗೀತ ಉದ್ಯಮದ ಸಂಘ ಇಂಥ ಅಂಗಡಿಗಳಿಗೆ ಪರವಾನಗಿ ಕೊಟ್ಟು ಅವುಗಳನ್ನು ಕಾನೂನಿನೊಳಗೆ ತರುವ ಯೋಜನೆಯನ್ನೂ ಮಾಡಿತು. ಅದು ನೆಲೆಯೂರುವ ಮೊದಲೇ ಕಾರ್ಡು ತುಂಬಿಸುವ ಕಾಲವೇ ಮುಗಿಯಿತು.

ಅಂತರಜಾಲದ ಹಾಡಿನ ಬಗ್ಗೆ ದೇಶದ ಗಮನ ಸೆಳೆದ ಒಂದು ಪ್ರಕರಣ ನಡೆದುದು ನಮ್ಮ ರಾಜಧಾನಿಯಲ್ಲೇ. ಬೆಂಗಳೂರಿನಲ್ಲಿ 2006ರಲ್ಲಿ ಶುರುವಾದ ‘ಗುರುಜಿ’ ಎಂಬ ಭಾರತೀಯ ಶೋಧಯಂತ್ರಕ್ಕೆ ಹಾಡು ಹುಡುಕಿಕೊಡುವ ಒಂದು ವಿಭಾಗವಿತ್ತು. 2010ರ ಏಪ್ರಿಲ್ ಕೊನೆಯಲ್ಲಿ ಟಿ-ಸೀರೀಸ್ ಸಂಸ್ಥೆಯ ದೂರಿನ ಮೇಲೆ ಪೊಲೀಸರು ಗುರುಜಿಯ ಮುಖ್ಯಸ್ಥರನ್ನೂ ಕೆಲವು ಸಿಬ್ಬಂದಿಯನ್ನೂ ಬಂಧಿಸಿದರು. ಹಾಡು ಎಲ್ಲಿದೆ ಎಂದು ತೋರಿಸಿಕೊಡುವುದೂ ಅಪರಾಧವೇ? ದಾರಿ ಕೇಳಿದವನಿಗೆ ದಾರಿ ಹೇಳಿದವನು ಹೊಣೆಗಾರನೇ? ಈ ಬಗೆಯ ಪ್ರಶ್ನೆಗೆ ಉತ್ತರ ಸಿಗಲು ವರ್ಷಗಳು ಹಿಡಿದವು. ಬಳಕೆದಾರರು ಹಾಕಿದ ಹಾಡುಗಳಿಗೆ ಜಾಲತಾಣ ಹೊಣೆಯೇ ಎಂಬ ಮೈಸ್ಪೇಸ್ ಪ್ರಕರಣದಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ 2011ರಲ್ಲಿ ಹೌದು ಎಂದಿತು. 2016ರ ಡಿಸೆಂಬರಿನಲ್ಲಿ ವಿಭಾಗೀಯ ಪೀಠ ಅದನ್ನು ಬದಲಿಸಿ, ನಿರ್ದಿಷ್ಟವಾಗಿ ಇಂಥ ಹಾಡು ಇದೆ ಎಂದು ತಿಳಿದೂ ತೆಗೆಯದಿದ್ದರೆ ಮಾತ್ರ ಹೊಣೆ ಎಂಬ ನಿಲುವು ತಾಳಿತು.

ಇತ್ತ 2012ರಲ್ಲಿ ಕಲ್ಕತ್ತಾ ಉಚ್ಚ ನ್ಯಾಯಾಲಯದ ಆಜ್ಞೆಯ ಮೇಲೆ ಪುಕ್ಕಟೆ ಹಾಡು ಕೊಡುತ್ತಿದ್ದ 104 ಜಾಲತಾಣಗಳನ್ನು ತಡೆಯಲು ಅಂತರಜಾಲ ಕಂಪನಿಗಳಿಗೆ ಸೂಚನೆ ಹೋಯಿತು. 2014ರಲ್ಲಿ ಕರ್ನಾಟಕದ ಗೂಂಡಾ ಕಾಯ್ದೆಗೆ ತಿದ್ದುಪಡಿ ಬಂದು, 1985ರ ಆ ಕಾಯ್ದೆಯ ವ್ಯಾಪ್ತಿಗೆ ದೃಶ್ಯ ಹಾಗೂ ಧ್ವನಿಯ ಕಳ್ಳನಕಲುಗಾರರೂ ಸೇರಿದರು. ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಬಂಧನದಲ್ಲಿಡಲು ಅವಕಾಶ ಕೊಡುವ ಕಾಯ್ದೆ ಅದು. ಹಾಡು ನಕಲು ಮಾಡಿದವನನ್ನು ಗೂಂಡಾಗಳ ಸಾಲಿನಲ್ಲಿ ನಿಲ್ಲಿಸಬೇಕೇ ಎಂದು ಆಗ ಚರ್ಚೆಯಾಯಿತು. ನಿಮ್ಮ ತರಗತಿಯಲ್ಲಿ ಚರ್ಚೆಗೆ ಇದು ಇಂದಿಗೂ ಒಳ್ಳೆಯ ವಿಷಯ.

ಮೂರನೆಯ ಸಲವೂ ಬೆಲೆಯೇ

ಹಾಗಾದರೆ ಮೆಮೊರಿ ಕಾರ್ಡಿನ ವ್ಯಾಪಾರವನ್ನು ನಿಲ್ಲಿಸಿದ್ದು ಯಾರು? ಈ ಯಾವ ಆಜ್ಞೆಯೂ ಅಲ್ಲ. 2003ರ ಏಪ್ರಿಲ್‌ನಲ್ಲಿ ಆಪಲ್ ಕಂಪನಿ ಹಾಡೊಂದಕ್ಕೆ 99 ಸೆಂಟಿನಂತೆ ಅಂತರಜಾಲದಲ್ಲಿ ಮಾರಾಟ ಶುರು ಮಾಡಿದಾಗ, ಮೊದಲ ವಾರದಲ್ಲೇ ಹತ್ತು ಲಕ್ಷ ಹಾಡು ಖರ್ಚಾದವು. ಕೊಳ್ಳಲು ಸುಲಭವಾದರೆ ಜನ ಕೊಳ್ಳುತ್ತಾರೆ ಎಂಬುದು ಮತ್ತೊಮ್ಮೆ ರುಜುವಾತಾಯಿತು. ಮುಂದೆ 2008ರಲ್ಲಿ ಸ್ವೀಡನ್ನಿನಲ್ಲಿ ಸ್ಪಾಟಿಫೈ ಬಂತು. ಹಾಡು ಕೊಳ್ಳುವುದೂ ಬೇಡ, ಹರಿಯುವ ನೀರಿನಂತೆ ಬೇಕಾದಾಗ ಕೇಳಿದರಾಯಿತು. ನಮ್ಮಲ್ಲಿ ಸಾವನ್, ಗಾನಾ ಮೊದಲಾದವು ಆಗಲೇ ಇದ್ದರೂ ದಾರಿ ತೆರೆದದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಮೊಬೈಲ್ ಅಂತರಜಾಲದ ಬೆಲೆ ಕುಸಿದ ಮೇಲೆ. ಹಾಡು ಕಾರ್ಡಿನಲ್ಲಿ ಇರಬೇಕಾದ ಅಗತ್ಯವೇ ತಪ್ಪಿತು. ಕಾನೂನುಬದ್ಧವಾದ ಹಾಡು ಕಳ್ಳಹಾಡಿಗಿಂತ ಸುಲಭವಾಯಿತು. ಕಳ್ಳನಕಲು ಇಂದಿಗೂ ಪೂರ್ತಿ ಹೋಗಿಲ್ಲ. ಆದರೆ ಹಾಡು ಕೇಳಲು ಅದೊಂದೇ ದಾರಿ ಎಂಬ ಸ್ಥಿತಿ ಹೋಗಿದೆ.

ಇಲ್ಲಿಗೆ ಕಥೆ ಸುಖಾಂತ ಎನ್ನಬಹುದಿತ್ತು. ಆದರೆ ಮೊದಲು ಕೇಳಿದ ಎರಡನೆಯ ಪ್ರಶ್ನೆ ಹಾಗೆಯೇ ಇದೆ: ಹಣ ಯಾರಿಗೆ ತಲುಪಿತು?

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಸಂಗೀತ ಸೇವೆಗೆ ಇಬ್ಬರೇ ಚಂದಾದಾರರು ಎಂದು ಊಹಿಸಿಕೊಳ್ಳಿ, ಇಬ್ಬರೂ ತಿಂಗಳಿಗೆ 100 ರೂಪಾಯಿ ಕೊಡುತ್ತಾರೆ. ಕಂಪನಿಯ ಪಾಲನ್ನು ಸದ್ಯಕ್ಕೆ ಬಿಡೋಣ. ನೀವು ತಿಂಗಳಲ್ಲಿ ಒಂದು ಭಾವಗೀತೆಯನ್ನು 10 ಸಲ ಕೇಳಿದಿರಿ, ಬೇರೇನನ್ನೂ ಕೇಳಲಿಲ್ಲ. ಇನ್ನೊಬ್ಬರು ಹೊಸ ಚಿತ್ರಗೀತೆಗಳನ್ನು 990 ಸಲ ಕೇಳಿದರು. ಒಟ್ಟು 1,000 ಸಲಕ್ಕೆ 200 ರೂಪಾಯಿ. ಸಾಮಾನ್ಯವಾಗಿ ಈ ಸೇವೆಗಳು ಹಣವನ್ನೆಲ್ಲ ಒಂದೇ ರಾಶಿ ಹಾಕಿ, ಒಟ್ಟು ಕೇಳಿದ ಸಂಖ್ಯೆಯ ಪ್ರಕಾರ ಹಂಚುತ್ತವೆ. ಹಾಗೆ ಹಂಚಿದರೆ ನಿಮ್ಮ ಭಾವಗೀತೆಗೆ ಸಿಗುವುದು 2 ರೂಪಾಯಿ. ನೀವು ಕೊಟ್ಟ 100ರಲ್ಲಿ ಉಳಿದ 98 ನೀವು ಕೇಳದ ಹಾಡುಗಳಿಗೆ ಹೋಯಿತು. ಕನ್ನಡದಂಥ ಭಾಷೆಯ, ಅದರಲ್ಲೂ ಚಿತ್ರಗೀತೆಯಲ್ಲದ ಹಾಡಿಗೆ ಇದು ಎಷ್ಟು ಮುಖ್ಯ ಎಂಬುದು ನಿಮಗೆ ಹೊಳೆದಿರಬೇಕು.

ಆ ಎರಡು ರೂಪಾಯಿಯಲ್ಲಾದರೂ ಕವಿಗೆ ಪಾಲುಂಟೇ? ಹಿಂದೆ ಹೆಚ್ಚಿನ ಗೀತರಚನೆಕಾರರೂ ಸಂಗೀತ ನಿರ್ದೇಶಕರೂ ಒಂದು ಮೊತ್ತ ಪಡೆದು ಎಲ್ಲ ಹಕ್ಕನ್ನೂ ಬರೆದುಕೊಡುತ್ತಿದ್ದರು. 2012ರಲ್ಲಿ ಸಂಸತ್ತು ಕೃತಿಸ್ವಾಮ್ಯ ಕಾಯ್ದೆಗೆ ತಂದ ತಿದ್ದುಪಡಿ ಇದನ್ನು ಬದಲಿಸಿತು. ಗೀತೆ ಬರೆದವರು ಹಾಗೂ ರಾಗ ಹಾಕಿದವರು ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಕಂಪನಿಗೆ ಬಿಟ್ಟುಕೊಡುವಂತೆಯೇ ಇಲ್ಲ. ಅದು ಅವರಿಗೆ, ಅವರ ವಾರಸುದಾರರಿಗೆ ಅಥವಾ ಅವರ ಪರವಾಗಿ ವಸೂಲು ಮಾಡುವ ಸಂಘಕ್ಕೆ ಮಾತ್ರ. ರಾಜ್ಯಸಭೆಯಲ್ಲಿ ಇದಕ್ಕಾಗಿ ವಾದಿಸಿದವರಲ್ಲಿ ಪ್ರಮುಖರು ಗೀತರಚನೆಕಾರ ಜಾವೇದ್ ಅಖ್ತರ್. ಮರುವರ್ಷ ಗಾಯಕರೂ ತಮ್ಮದೇ ಸಂಘ ಕಟ್ಟಿಕೊಂಡರು. ನಕಲುಗಾರರ ಮೇಲಿನ ಮೂವತ್ತು ವರ್ಷದ ಸಮರದಲ್ಲಿ ಕಂಪನಿಗಳಿಗಾಗಿ ಹಲವು ಕಾನೂನು ಬಂದವು. ಹಾಡು ಮಾಡಿದವರ ಪಾಲನ್ನು ಹೆಸರಿಸಿ ಬರೆದದ್ದು ಇದು.

ಯಾರ ಹಾಡು?

ಆದರೆ ಪಾಲು ತಲುಪಬೇಕಾದರೆ ಹೆಸರು ಇರಬೇಕು ಎಂದೆನಲ್ಲವೇ? 1996ರಲ್ಲಿ ಎಂಪಿ3 ಕಡತದ ಕೊನೆಗೆ 128 ಬೈಟ್‌ಗಳ ಒಂದು ಚೀಟಿ ಅಂಟಿಸುವ ಪದ್ಧತಿ ಬಂತು. ಅದರಲ್ಲಿ ಹಾಡಿನ ಹೆಸರಿಗೆ 30 ಅಕ್ಷರ, ಕಲಾವಿದರಿಗೆ 30, ಆಲ್ಬಮ್ಮಿಗೆ 30, ವರ್ಷಕ್ಕೆ 4, ಟಿಪ್ಪಣಿಗೆ 30, ಬಗೆಗೆ ಒಂದು ಬೈಟು. ಗೌಹರ್ ಜಾನರ ತಟ್ಟೆಯ ಹಾಗೆ ಹೆಸರು ಕೊನೆಯಲ್ಲೇ. ಆದರೆ ಈ ಚೀಟಿಯಲ್ಲಿ ಕವಿಗೆ ಜಾಗವಿರಲಿಲ್ಲ, ರಾಗ ಹಾಕಿದವರಿಗೂ ಇರಲಿಲ್ಲ. ಕಳ್ಳಹಾಡಿನ ಜಾಲತಾಣಗಳಂತೂ ಕಲಾವಿದರ ಜಾಗದಲ್ಲಿ ತಮ್ಮ ತಾಣದ ಹೆಸರನ್ನೇ ತುಂಬಿಸುತ್ತಿದ್ದವು. ಲಕ್ಷಾಂತರ ಕಿವಿಗಳಿಗೆ ಹಾಡು ಹೋಯಿತು, ಹೆಸರು ದಾರಿಯಲ್ಲಿ ಬಿದ್ದುಹೋಯಿತು.

ಆಕಾಶವಾಣಿಯಲ್ಲಿ ಭಾವಗೀತೆಗೆ ಮುನ್ನ ರಚನೆ ಯಾರದು, ಗಾಯನ ಯಾರದು ಎಂದು ಹೇಳುವ ವಾಡಿಕೆ ಹಳೆಯದು. ದೂರದರ್ಶನದ ನಮ್ಮ ಕೆಲಸದಲ್ಲೂ ಕ್ಯೂ ಷೀಟ್ ಎಂಬ ಹಾಳೆಯೊಂದಿದೆ. ಯಾವ ಹಾಡನ್ನು ಎಷ್ಟು ಸೆಕೆಂಡು ಬಳಸಿದೆವು, ಬರೆದವರು ಯಾರು, ಸಂಗೀತ ಯಾರದು, ಹಾಡಿದವರು ಯಾರು ಎಂದು ಅದರಲ್ಲಿ ತುಂಬಬೇಕು. ಕೆಲಸದ ಒತ್ತಡದಲ್ಲಿ ಬೇಸರ ತರುವ ಹಾಳೆ ಅದು. ಆದರೆ ರಾಯಲ್ಟಿಯ ಲೆಕ್ಕ ಶುರುವಾಗುವುದೇ ಅಲ್ಲಿಂದ.

ನಕಲೆಲ್ಲ ಕಳ್ಳತನ ಎಂದು ತಿಳಿಯಬೇಡಿ. ನಮ್ಮ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ, ಕವಿಯ ಹಕ್ಕು ಅವರು ತೀರಿಕೊಂಡ ಮೇಲೆ 60 ವರ್ಷ. ಗೌಹರ್ ಜಾನರ 1902ರ ಮುದ್ರಣಗಳ ಆ ಹಕ್ಕು ಎಂದೋ ಮುಗಿದಿದೆ. 1889ರಲ್ಲಿ ತೀರಿಕೊಂಡ ಷರೀಫರ ಪದಗಳನ್ನು ನೀವು ಹಾಡಬಹುದು, ಅಚ್ಚು ಹಾಕಬಹುದು, ಯಾರನ್ನೂ ಕೇಳಬೇಕಿಲ್ಲ. ಆದರೆ ಅದೇ ಪದಕ್ಕೆ ಅಶ್ವತ್ಥರು ಹಾಕಿದ ರಾಗ ಬೇರೆ ಸ್ವತ್ತು, ಆ ರಾಗದ ಧ್ವನಿಮುದ್ರಣ ಇನ್ನೂ ಬೇರೆ ಸ್ವತ್ತು. ಒಂದು ಹಾಡಿನಲ್ಲಿ ಹೀಗೆ ಮೂರು ಪದರಗಳಿವೆ, ಮೂರಕ್ಕೂ ಬೇರೆ ಬೇರೆ ಒಡೆಯರಿದ್ದಾರೆ.

ಈ ವಾರ ಒಂದು ಕೆಲಸ ಮಾಡಿ. ನಿಮಗೆ ಇಷ್ಟವಾದ ಐದು ಕನ್ನಡ ಹಾಡುಗಳನ್ನು ಆರಿಸಿ, ಹಾಳೆಯಲ್ಲಿ ನಾಲ್ಕು ಕಂಬ ಎಳೆಯಿರಿ: ಬರೆದವರು, ರಾಗ ಹಾಕಿದವರು, ಹಾಡಿದವರು, ಹಕ್ಕು ಹೊಂದಿರುವ ಸಂಸ್ಥೆ. ನಿಮ್ಮ ಮೊಬೈಲಿನಲ್ಲಿ ಸಿಗುವ ಮಾಹಿತಿಯಿಂದ ತುಂಬಿಸುತ್ತ ಹೋಗಿ. ಕೊನೆಯ ಕಂಬ ಬಲುಬೇಗ ತುಂಬುತ್ತದೆ. ಮೊದಲನೆಯ ಕಂಬದಲ್ಲಿ ಖಾಲಿ ಉಳಿದ ಮನೆಗಳನ್ನು ಎಣಿಸಿ. ಅವನ್ನು ತುಂಬಲು ಹಳೆಯ ಕ್ಯಾಸೆಟ್ಟಿನ ಹೊದಿಕೆ, ಕವಿತಾಸಂಕಲನ, ಮನೆಯ ಹಿರಿಯರ ನೆನಪು ಇವುಗಳ ಮೊರೆ ಹೋಗಬೇಕಾದೀತು. ತುಂಬಿದ ಹಾಳೆಯನ್ನು ತರಗತಿಯ ಗೋಡೆಗೆ ಅಂಟಿಸಿ.